ನಲವತ್ತನಾಲ್ಕನೆಯ ವಿಧಿ: ರುಮೇನಿಯದ ಯೆಹೂದಿಗಳು ಮತ್ತು ಪರರಾಜ್ಯಗಳ ಧರ್ಮಕಾಳಜಿ

ಅಮೆರಿಕದ ಸಂಸತ್ತು 1998ರಲ್ಲಿ ಅಂತರರಾಷ್ಟ್ರೀಯ ಧಾರ್ಮಿಕ ಸ್ವಾತಂತ್ರ್ಯ ಕಾಯಿದೆಯನ್ನು ಅಂಗೀಕರಿಸಿತು. ಆ ವರ್ಷದ ಅಕ್ಟೋಬರ್ 27ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಅದಕ್ಕೆ ಅಂಕಿತ ಹಾಕಿದರು. ಯಾವ ದೇಶದಲ್ಲಿ ಯಾವ ಮತದವರಿಗೆ ಏನು ಅಡ್ಡಿಯಿದೆಯೆಂದು ವರ್ಷವರ್ಷವೂ ವರದಿ ಬರೆಯುವ, ವಿಶೇಷ ಕಳವಳಕ್ಕೆ ಕಾರಣವಾದ ದೇಶಗಳ ಪಟ್ಟಿಯನ್ನು ಪ್ರಕಟಿಸುವ ಏರ್ಪಾಡು ಹೀಗೆ ಹುಟ್ಟಿತು. ಆ ಕಾಯಿದೆಯ ಮೇರೆಗೆ ರಚಿತವಾದ ಆಯೋಗವು 2020ರಿಂದ ಈಚೆಗೆ ಭಾರತವನ್ನೂ ಪಟ್ಟಿಗೆ ಸೇರಿಸಬೇಕೆಂದು ಶಿಫಾರಸು ಮಾಡುತ್ತ ಬಂದಿದೆ. ಭಾರತದ ವಿದೇಶಾಂಗ ಸಚಿವಾಲಯವು ಅದನ್ನು ಪಕ್ಷಪಾತದ ವರದಿಯೆಂದು ತಳ್ಳಿಹಾಕುತ್ತ ಬಂದಿದೆ. ಈ ವಾಗ್ವಾದ ಇತ್ತೀಚಿನದೆಂದು ತೋರುತ್ತದೆ. ಅದರ ಬೇರು ಹಳೆಯದು. ಒಂದು ರಾಜ್ಯವು ಇನ್ನೊಂದು ರಾಜ್ಯದ ನಿವಾಸಿಗಳ ಮತಸ್ವಾತಂತ್ರ್ಯವನ್ನು ಕುರಿತು ಮಾತನಾಡಿದ, ಆಡಿದ ಮಾತನ್ನು ಲಿಖಿತ ಷರತ್ತಾಗಿಸಿದ, ಷರತ್ತು ಈಡೇರಿತೆಂದು ನಂಬಿದ ಅಥವಾ ನಂಬಿದಂತೆ ನಟಿಸಿದ ಪ್ರಸಂಗಗಳಲ್ಲಿ ಹತ್ತೊಂಬತ್ತನೆಯ ಶತಮಾನದ ರುಮೇನಿಯದ ವೃತ್ತಾಂತವು ವಿಶೇಷ ವ್ಯಾಸಂಗಕ್ಕೆ ಯೋಗ್ಯವಾದದ್ದು. ಅಲ್ಲಿ ಕೇಳಿದವರು ಮತದ ಮಾತನ್ನು ಕೇಳಿದರು. ಉತ್ತರಿಸಿದವರು ಪೌರತ್ವದ ಮಾತಿನಲ್ಲಿ ಉತ್ತರಿಸಿದರು. ಈ ಎರಡು ಪದಗಳ ನಡುವಣ ಕಿರಿದಾದ ಕಂದರದಲ್ಲಿ ಎರಡೂವರೆ ಲಕ್ಷ ಜನರ ಬಾಳು ನಾಲ್ಕು ದಶಕಗಳ ಕಾಲ ಸಿಲುಕಿಕೊಂಡಿತ್ತು.

ಮೊಲ್ದಾವಿಯಾ ಮತ್ತು ವಲ್ಲಾಕಿಯಾ ಎಂಬ ಎರಡು ಸಂಸ್ಥಾನಗಳು ತುರ್ಕಿಯ ಸುಲ್ತಾನನಿಗೆ ಕಪ್ಪ ಕೊಡುತ್ತಿದ್ದವು. ಕ್ರಿಮಿಯಾ ಯುದ್ಧ ಮುಗಿದ ಮೇಲೆ ಯೂರೋಪಿನ ಪ್ರಬಲ ರಾಜ್ಯಗಳು ಅವುಗಳ ಯೋಗಕ್ಷೇಮದ ಹೊಣೆಯನ್ನು ವಹಿಸಿಕೊಂಡವು. 1858ರ ಪ್ಯಾರಿಸ್ ಒಡಂಬಡಿಕೆಯ 46ನೆಯ ವಿಧಿಯಂತೆ ಕ್ರೈಸ್ತರ ಎಲ್ಲ ಪಂಗಡಗಳಿಗೂ ಸಮಾನವಾದ ರಾಜಕೀಯ ಹಕ್ಕುಗಳು ದೊರೆತವು. ಅನ್ಯಮತೀಯರಿಗೆ ಆ ಹಕ್ಕುಗಳನ್ನು ಮುಂದೆ ಶಾಸನದ ಮೂಲಕ ವಿಸ್ತರಿಸಬಹುದೆಂದು ಅಲ್ಲಿ ಹೇಳಿತ್ತು. ವಿಸ್ತರಿಸಬೇಕು ಎಂದಿರಲಿಲ್ಲ. ಸಂಸ್ಥಾನಗಳು ಒಂದಾಗಿ, ಜರ್ಮನಿಯ ಹೊಹೆನ್‌ಜೊಲರ್ನ್ ಮನೆತನದ ಕರೋಲ್ ಅರಸನಾಗಿ ಬಂದ 1866ರಲ್ಲಿ ಹೊಸ ಸಂವಿಧಾನ ಸಿದ್ಧವಾಯಿತು. ಅದರ 7ನೆಯ ವಿಧಿ ಇದ್ದ ಬಾಗಿಲನ್ನೂ ಮುಚ್ಚಿತು: ಕ್ರೈಸ್ತರಾದ ವಿದೇಶೀಯರಿಗೆ ಮಾತ್ರ ಪೌರತ್ವ ದೊರೆಯತಕ್ಕದ್ದು. ಆ ಚರ್ಚೆಯ ಕಾಲದಲ್ಲಿ ಫ್ರಾನ್ಸಿನ ನ್ಯಾಯವಾದಿ, ವಿಶ್ವ ಯೆಹೂದಿ ಕೂಟದ ಮುಖಂಡ ಅದೋಲ್ಫ್ ಕ್ರೆಮ್ಯೂ ಬುಕಾರೆಸ್ಟಿಗೆ ಬಂದು ಶಾಸಕರೊಡನೆ ಮಾತುಕತೆ ನಡೆಸಿದ. ಹೊರಗಿನವರ ಒತ್ತಾಯವೆಂಬ ಕೂಗೆದ್ದು ಗಲಭೆಯಾಯಿತು. ಕಟ್ಟುತ್ತಿದ್ದ ದೊಡ್ಡ ಯೆಹೂದಿ ಪ್ರಾರ್ಥನಾಮಂದಿರ ನಾಶವಾಯಿತು. ಹೊರಗಿನ ಸಹಾಯವು ಒಳಗಿನ ಸಿಟ್ಟಾಗಿ ಮಾರ್ಪಡುವ ಕ್ರಮ ಇಲ್ಲಿಯೇ ಮೊದಲಾಯಿತೆನ್ನಬಹುದು.

ಸ್ಥಳೀಯರ ಸಿಟ್ಟಿಗೂ ಹಿನ್ನೆಲೆಯಿತ್ತು. ಯೆಹೂದಿಗಳಲ್ಲಿ ಹಲವು ತಲೆಮಾರುಗಳಿಂದ ನೆಲೆಸಿದವರಿದ್ದಂತೆ, ಹತ್ತೊಂಬತ್ತನೆಯ ಶತಮಾನದಲ್ಲಿ ಗಲೀಸಿಯ ಹಾಗೂ ರಷ್ಯದ ಕಡೆಯಿಂದ ಬಂದವರೂ ಬಹಳ ಮಂದಿ ಇದ್ದರು. ಅವರ ಮನೆಮಾತು ಯಿದ್ದಿಶ್. ಮೊಲ್ದಾವಿಯಾದ ಪಟ್ಟಣಗಳಲ್ಲಿ ಅವರ ಸಂಖ್ಯೆ ದೊಡ್ಡದು. ಕುಶಲಕರ್ಮ, ಚಿಲ್ಲರೆ ವ್ಯಾಪಾರ, ಸಾರಾಯಿ ಅಂಗಡಿ, ಜಮೀನ್ದಾರರ ಭೂಮಿಯನ್ನು ಗುತ್ತಿಗೆ ಹಿಡಿಯುವುದು ಇವೇ ಅವರ ಜೀವನೋಪಾಯಗಳು. ರೈತನ ಕಣ್ಣಿಗೆ ಬೀಳುತ್ತಿದ್ದವನು ದೂರದ ಜಮೀನ್ದಾರನಲ್ಲ, ಎದುರಿಗೇ ಇದ್ದ ಗುತ್ತಿಗೆದಾರ. ಜಮೀನ್ದಾರರೇ ತುಂಬಿದ್ದ ಶಾಸನಸಭೆಗೆ ಈ ದೃಷ್ಟಿಭ್ರಮೆ ಅನನುಕೂಲವಾಗಿರಲಿಲ್ಲ.

ಅಟ್ಲಾಂಟಿಕ್ ಸಾಗರದಾಚೆಯಿಂದ ಬಂದ ಮೊದಲ ಯತ್ನ ವಿಲಕ್ಷಣವಾದುದು. ಅಮೆರಿಕದ ಅಧ್ಯಕ್ಷ ಯುಲಿಸಿಸ್ ಗ್ರಾಂಟ್ 1870ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಪೈಷೊಟೊ ಎಂಬ ಯೆಹೂದಿ ಮುಖಂಡನನ್ನು ಬುಕಾರೆಸ್ಟಿನ ಕಾನ್ಸಲ್ ಆಗಿ ನೇಮಿಸಿದ. ಹುದ್ದೆಗೆ ಸಂಬಳವಿರಲಿಲ್ಲ; ಖರ್ಚಿಗೆ ಖಾಸಗಿ ಚಂದಾ ಎತ್ತಬೇಕಾಯಿತು. ರಾಜ್ಯದ ಮುದ್ರೆ ಸರ್ಕಾರದ್ದು, ಹಣ ಸಮುದಾಯದ್ದು. ತನ್ನ ದೇಶವು ಮತದ ಆಧಾರದ ಮೇಲೆ ಪ್ರಜೆಗಳಲ್ಲಿ ಭೇದವೆಣಿಸುವುದಿಲ್ಲ, ಅದೇ ಉದಾರತೆ ಲೋಕವನ್ನೆಲ್ಲ ವ್ಯಾಪಿಸಲೆಂಬುದು ತನ್ನ ಬಯಕೆ ಎಂಬ ಆಶಯದ ಪತ್ರವನ್ನು ಗ್ರಾಂಟ್ ಅವನ ಕೈಗಿತ್ತಿದ್ದ. ಇದೇ ಗ್ರಾಂಟ್ ಎಂಟು ವರ್ಷ ಮೊದಲು, ಅಂತರ್ಯುದ್ಧದ ನಡುವೆ ಸೇನಾಪತಿಯಾಗಿದ್ದಾಗ, ತನ್ನ ಅಧೀನದ ಪ್ರದೇಶದಿಂದ ಯೆಹೂದಿಗಳೆಲ್ಲರೂ ಹೊರಹೋಗಬೇಕೆಂದು 11ನೆಯ ಸಂಖ್ಯೆಯ ಸಾಮಾನ್ಯ ಆಜ್ಞೆ ಹೊರಡಿಸಿದ್ದ. ಅಬ್ರಹಾಂ ಲಿಂಕನ್ ಅದನ್ನು ರದ್ದುಪಡಿಸಬೇಕಾಯಿತು. ಪಶ್ಚಾತ್ತಾಪವೂ ವಿದೇಶಾಂಗ ನೀತಿಗೆ ಪ್ರೇರಣೆಯಾಗಬಲ್ಲದು.

ಪೈಷೊಟೊ ಆರು ವರ್ಷ ಅಲ್ಲಿದ್ದ. ಶಾಲೆ, ಸಂಘಗಳಿಗೆ ಆಸರೆಯಾದ. ಗಲಭೆಗಳ ಸುದ್ದಿಯನ್ನು ಯೂರೋಪಿನ ಪತ್ರಿಕೆಗಳಿಗೆ ಮುಟ್ಟಿಸಿದ. ಆದರೆ 1872ರಲ್ಲಿ ಯೆಹೂದಿಗಳು ಅಮೆರಿಕಕ್ಕೆ ವಲಸೆ ಹೋಗುವುದೇ ಮೇಲೆಂದು ಸೂಚಿಸಿದಾಗ ರುಮೇನಿಯದ ಸರ್ಕಾರ ಹರ್ಷದಿಂದ ಒಪ್ಪಿಕೊಂಡಿತು. ಹೊರಗೆ ಹಾಕಬೇಕೆಂದಿದ್ದವರಿಗೆ ರಕ್ಷಕನೇ ದಾರಿ ತೋರಿಸಿದಂತಾಗಿತ್ತು. ಅದೇ ವರ್ಷ ಬ್ರಸೆಲ್ಸಿನಲ್ಲಿ ಸೇರಿದ ಯೆಹೂದಿ ಮುಖಂಡರ ಸಭೆ ಈ ಸಲಹೆಯನ್ನು ತಿರಸ್ಕರಿಸಿ, ಇದ್ದ ನೆಲದಲ್ಲಿಯೇ ಹಕ್ಕು ಕೇಳಬೇಕೆಂದು ತೀರ್ಮಾನಿಸಿತು.

ಹಕ್ಕು ಕೇಳುವ ದೊಡ್ಡ ಅವಕಾಶ 1878ರ ಜೂನ್ 13ರಂದು ಬರ್ಲಿನ್ನಿನಲ್ಲಿ ತೆರೆಯಿತು. ರಷ್ಯ ಮತ್ತು ತುರ್ಕಿಗಳ ಯುದ್ಧ ಮುಗಿದಿತ್ತು. ಪ್ಲೆವ್ನಾದಲ್ಲಿ ರಷ್ಯದ ಪರವಾಗಿ ಕಾದಿದ ರುಮೇನಿಯ ಸ್ವತಂತ್ರವೆಂದು ಘೋಷಿಸಿಕೊಂಡಿತ್ತು. ಅದಕ್ಕೆ ಬೇಕಾದದ್ದು ಪ್ರಬಲರ ಮಾನ್ಯತೆ. ಬಿಸ್ಮಾರ್ಕ್ ಅಧ್ಯಕ್ಷನಾಗಿದ್ದ ಆ ಸಮಾವೇಶದಲ್ಲಿ ಬಾಲ್ಕನ್ನಿನ ಹೊಸ ರಾಜ್ಯಗಳಿಗೆ ಮತಸಮಾನತೆಯ ಷರತ್ತು ಹಾಕಬೇಕೆಂಬ ಸಲಹೆಯನ್ನು ಮುಂದಿಟ್ಟವನು ಫ್ರಾನ್ಸಿನ ಪ್ರತಿನಿಧಿ ವಾಡಿಂಗ್ಟನ್. ರಷ್ಯದ ಗೋರ್ಚಕೋವ್ ಒಪ್ಪಲಿಲ್ಲ. ಬರ್ಲಿನ್, ಪ್ಯಾರಿಸ್, ಲಂಡನ್, ವಿಯೆನ್ನಾಗಳ ಯೆಹೂದಿಗಳೇ ಬೇರೆ, ಸರ್ಬಿಯ, ರುಮೇನಿಯ ಮತ್ತು ರಷ್ಯದ ಕೆಲವು ಪ್ರಾಂತಗಳ ಯೆಹೂದಿಗಳೇ ಬೇರೆ. ಇವರು ಅಲ್ಲಿಯ ಜನರ ಪಾಲಿಗೆ ಪಿಡುಗು ಎಂಬುದು ಅವನ ವಾದ. ಹಕ್ಕುಗಳಿಲ್ಲದೆ ಬಾಳಿದ್ದರಿಂದಲೇ ಅವರು ಹಾಗಾಗಿರಬಹುದು ಎಂಬರ್ಥದ ಉತ್ತರ ಕೊಟ್ಟವನು ಬಿಸ್ಮಾರ್ಕ್. ಮಾತು ತೂಕದ್ದು. ಆದರೂ ಗೋರ್ಚಕೋವನ ಸ್ವಂತ ದೇಶದಲ್ಲಿ ಯೆಹೂದಿಗಳ ವಾಸಕ್ಕೆ ಗೊತ್ತುಪಡಿಸಿದ ಸೀಮೆಯಾಚೆ ಕಾಲಿಡಲು ಅವರಿಗಿದ್ದ ನಿರ್ಬಂಧವನ್ನು ಅಲ್ಲಿ ಯಾರೂ ಕಾರ್ಯಸೂಚಿಗೆ ತರಲಿಲ್ಲ. ದೊಡ್ಡ ರಾಜ್ಯಕ್ಕೆ ಷರತ್ತು ಹಾಕುವ ಪದ್ಧತಿಯಿರಲಿಲ್ಲ.

ಜುಲೈ 1ರಂದು ರುಮೇನಿಯದ ಸರದಿ ಬಂದಿತು. ಬ್ರತಿಯಾನು, ಕೊಗಲ್ನಿಚಾನು ಇಬ್ಬರೂ ಒಳಗೆ ಬಂದು ತಮ್ಮ ಅಹವಾಲು ಓದಿ ಹೊರಟರು. ಕೇಳಿಸಿಕೊಳ್ಳಲಾಯಿತು, ಚರ್ಚೆಗೆ ಕೂಡಿಸಿಕೊಳ್ಳಲಿಲ್ಲ. ಒಪ್ಪಂದದ 43ನೆಯ ವಿಧಿ ರುಮೇನಿಯದ ಸ್ವಾತಂತ್ರ್ಯವನ್ನು ಮುಂದಿನ ಎರಡು ವಿಧಿಗಳ ಷರತ್ತಿಗೆ ಒಳಪಟ್ಟು ಮಾನ್ಯಮಾಡಿತು. 44ನೆಯದು, ನಾಗರಿಕ ಮತ್ತು ರಾಜಕೀಯ ಹಕ್ಕು, ಸರ್ಕಾರಿ ಹುದ್ದೆ, ಗೌರವ, ವೃತ್ತಿ, ಉದ್ಯಮ ಯಾವುದಕ್ಕೂ ಮತಭೇದವನ್ನು ಅಡ್ಡಿಯೆಂದು ಹೇಳಕೂಡದು ಎಂಬುದು. 45ನೆಯದು, ದಕ್ಷಿಣ ಬೆಸರೇಬಿಯವನ್ನು ರಷ್ಯಕ್ಕೆ ಹಿಂದಿರುಗಿಸಬೇಕು ಎಂಬುದು. ಈ ಸಾಮೀಪ್ಯವನ್ನು ಇತಿಹಾಸಕಾರರು ಗಮನಿಸಬೇಕು. ಬುಕಾರೆಸ್ಟಿನ ಓದುಗನಿಗೆ ಎರಡೂ ಒಂದೇ ದಂಡದ ಎರಡು ಕಂತುಗಳಂತೆ ಕಂಡವು: ರಷ್ಯಕ್ಕಾಗಿ ರಕ್ತ ಸುರಿಸಿದ್ದಕ್ಕೆ ನೆಲ ಹೋಯಿತು, ಸ್ವತಂತ್ರರಾಗಿದ್ದಕ್ಕೆ ಸಂವಿಧಾನವನ್ನು ತಿದ್ದುವ ಅಪ್ಪಣೆ ಬಂದಿತು. ಮತಸಮಾನತೆಯ ತತ್ತ್ವವು ಆ ದೇಶದ ಮನಸ್ಸಿಗೆ ಪ್ರವೇಶಿಸಿದ್ದೇ ನೆಲಗಳ್ಳನ ಜೊತೆಯಲ್ಲಿ.

ಆ ದಿನದ ಕಲಾಪದಲ್ಲಿ ಇನ್ನೊಂದು ಸಣ್ಣ ಸಂಗತಿ ದಾಖಲಾಗಿದೆ. ಇಟಲಿಯ ಪ್ರತಿನಿಧಿ ಕೌಂಟ್ ದ ಲೌನೆ ಒಂದು ವಾಕ್ಯವನ್ನು ಸೇರಿಸಲು ಸೂಚಿಸಿದ: ಬೇರೆ ಯಾವ ದೇಶದ ಪ್ರಜೆಯೂ ಅಲ್ಲದ ರುಮೇನಿಯದ ಯೆಹೂದಿಗಳು ತಾವಾಗಿಯೇ ರುಮೇನಿಯದ ಪೌರರಾಗತಕ್ಕದ್ದು. ಅಂಗೀಕಾರವಾದ ನಿರ್ಣಯದ ಮಾತುಗಳನ್ನು ಬದಲಿಸಿದರೆ ತೊಡಕಾದೀತೆಂದು ಬಿಸ್ಮಾರ್ಕ್ ತಡೆದ. ವಾಕ್ಯ ಬಿದ್ದುಹೋಯಿತು. ಅಲ್ಲಿದ್ದವರಿಗೆ ಬಿರುಕು ಕಾಣಲಿಲ್ಲವೆಂದು ಮುಂದೆ ಯಾರೂ ಹೇಳುವಂತಿರಲಿಲ್ಲ. ಒಬ್ಬನು ಬೆರಳಿಟ್ಟು ತೋರಿಸಿದ್ದ.

ಬಿರುಕನ್ನು ಬಾಗಿಲಾಗಿಸುವ ಕೆಲಸ 1879ರ ಅಕ್ಟೋಬರಿನಲ್ಲಿ ಮುಗಿಯಿತು. ಸಂವಿಧಾನ ತಿದ್ದುಪಡಿಯ ಚರ್ಚೆ ತಿಂಗಳುಗಟ್ಟಲೆ ನಡೆಯಿತು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತವಾದ ಹೆಸರುಗಳೇ ಇಲ್ಲಿ ಎದುರಾಗುತ್ತವೆ. ರುಮೇನಿಯದ ರಾಷ್ಟ್ರಕವಿಯೆನಿಸಿದ ಮಿಹಾಯ್ ಎಮಿನೆಸ್ಕು ಆಗ ‘ತಿಂಪುಲ್’ ಪತ್ರಿಕೆಯ ಬರಹಗಾರ. 44ನೆಯ ವಿಧಿಯ ವಿರುದ್ಧ ಕಟುವಾಗಿ ಬರೆದ. ತತ್ತ್ವಜ್ಞ ವಾಸಿಲೆ ಕೊಂತಾ ಶಾಸನಸಭೆಯಲ್ಲಿ ವಿರೋಧಿಸಿ ಮಾತನಾಡಿದ. ಪರಾಧೀನತೆಯ ನೋವಿನಿಂದ ಹುಟ್ಟಿದ ಭಾಷಾಭಿಮಾನ, ದೇಶಾಭಿಮಾನಗಳು ತಮಗಿಂತ ದುರ್ಬಲರ ಹಕ್ಕಿನ ಪ್ರಶ್ನೆ ಬಂದಾಗ ಎಷ್ಟು ಬೇಗ ಕಠೋರವಾಗುತ್ತವೆಂಬುದಕ್ಕೆ ಆ ಬರಹಗಳು ಸಾಕ್ಷಿ. ಕವಿಯ ಹಿರಿಮೆಯ ಹೆಸರಿನಲ್ಲಿ ಅವನ್ನು ಮುಚ್ಚಿಡಬೇಕಾದ ಅಗತ್ಯವಿಲ್ಲ.

ಕೊನೆಗೆ ರೂಪುಗೊಂಡ ತಿದ್ದುಪಡಿ ಚಾತುರ್ಯದ ಕೃತಿ. ಮತಭೇದವು ನಾಗರಿಕ ಹಕ್ಕಿಗಾಗಲಿ ರಾಜಕೀಯ ಹಕ್ಕಿಗಾಗಲಿ ಅಡ್ಡಿಯಲ್ಲ ಎಂದು ಅದು ಆರಂಭವಾಗುತ್ತದೆ. ಬರ್ಲಿನ್ ಕೇಳಿದ್ದೂ ಅದೇ. ಮುಂದಿನ ಮಾತುಗಳಲ್ಲಿ, ಯಾವ ಮತದ ವಿದೇಶೀಯನಾದರೂ ಅರ್ಜಿ ಸಲ್ಲಿಸಿ, ಹತ್ತು ವರ್ಷ ದೇಶದಲ್ಲಿ ನೆಲೆಸಿ, ತಾನು ದೇಶಕ್ಕೆ ಉಪಯುಕ್ತನೆಂದು ತೋರಿಸಿದರೆ ಪೌರತ್ವ ಪಡೆಯಬಹುದು ಎಂದಿತು. ಒಬ್ಬೊಬ್ಬನಿಗೂ ಶಾಸನಸಭೆಯ ಎರಡೂ ಸದನಗಳು ಒಂದೊಂದು ಪ್ರತ್ಯೇಕ ಕಾನೂನನ್ನು ಅಂಗೀಕರಿಸಬೇಕು. ದೇಶದಲ್ಲಿಯೇ ಹುಟ್ಟಿ ಬೆಳೆದು ಬೇರಾವ ರಾಜ್ಯದ ಆಶ್ರಯವನ್ನೂ ಪಡೆಯದವರಿಗೆ ಹತ್ತು ವರ್ಷದ ನಿಯಮದಿಂದ ವಿನಾಯಿತಿ ಸಿಕ್ಕಿತು. ಸದನಗಳ ಮತದಿಂದ ವಿನಾಯಿತಿ ಸಿಗಲಿಲ್ಲ. ಪೌರರಲ್ಲದವರು ಹಳ್ಳಿಗಳಲ್ಲಿ ಜಮೀನು ಕೊಳ್ಳುವಂತಿಲ್ಲ. ಹೀಗೆ, ಆ ನೆಲದಲ್ಲಿಯೇ ಹುಟ್ಟಿದ ಯೆಹೂದಿಯು ಯೆಹೂದಿಯೆಂಬ ಕಾರಣದಿಂದ ಹೊರಗುಳಿಯಲಿಲ್ಲ, ವಿದೇಶೀಯನೆಂಬ ಕಾರಣದಿಂದ ಹೊರಗುಳಿದ. ಬೇರೆ ದೇಶವೇ ಇಲ್ಲದ ವಿದೇಶೀಯ. ಸ್ವಾತಂತ್ರ್ಯಯುದ್ಧದಲ್ಲಿ ಹೋರಾಡಿದ 883 ಸೈನಿಕರಿಗೆ ಮಾತ್ರ ಒಟ್ಟಾಗಿ ಪೌರತ್ವ ದೊರೆಯಿತು. ಉಳಿದಂತೆ ಮೊದಲನೆಯ ಮಹಾಯುದ್ಧದವರೆಗೆ ಒಬ್ಬೊಬ್ಬರಾಗಿ ಪೌರರಾದವರು ಕೆಲವೇ ನೂರು ಮಂದಿ. 1899ರ ಜನಗಣತಿಯಂತೆ ದೇಶದ ಯೆಹೂದಿಗಳ ಸಂಖ್ಯೆ ಸುಮಾರು 2,66,000.

ಸರ್ಬಿಯ ಇಂಥದೇ ಷರತ್ತನ್ನು ಸ್ವೀಕರಿಸಿ 1888ರ ಸಂವಿಧಾನದಲ್ಲಿ ನಡೆಸಿಕೊಟ್ಟಿತು. ಅಲ್ಲಿ ಯೆಹೂದಿಗಳು ಕೆಲವೇ ಸಾವಿರ. ಔದಾರ್ಯ ಅಷ್ಟೇನೂ ದುಬಾರಿಯಾಗಿರಲಿಲ್ಲ.

ಷರತ್ತು ಹಾಕಿದವರು ಈ ಜಾಣ್ಮೆಯನ್ನು ಹೇಗೆ ಸಹಿಸಿದರು? ಉತ್ತರ ರೈಲುದಾರಿಯಲ್ಲಿದೆ. ಸ್ಟ್ರೌಸ್‌ಬರ್ಗ್ ಎಂಬ ಉದ್ಯಮಿ 1868ರಲ್ಲಿ ರುಮೇನಿಯದ ರೈಲುಮಾರ್ಗ ಕಟ್ಟುವ ಗುತ್ತಿಗೆ ಹಿಡಿದು, ಕೆಲವೇ ವರ್ಷಗಳಲ್ಲಿ ಕುಸಿದುಬಿದ್ದಿದ್ದ. ಅದರಲ್ಲಿ ಹಣ ತೊಡಗಿಸಿದ ಜರ್ಮನ್ ಶ್ರೀಮಂತರು ಸಂಕಷ್ಟಕ್ಕೀಡಾದರು. ಅವರನ್ನು ಪಾರುಮಾಡುವ ಹೊಣೆ ಬಿಸ್ಮಾರ್ಕನ ಲೇವಾದೇವಿಗಾರ ಬ್ಲೈಖ್ರೋಡರನ ಮೇಲೆ ಬಿದ್ದಿತು. ಇದೇ ಬ್ಲೈಖ್ರೋಡರ್ ಯೆಹೂದಿ. 44ನೆಯ ವಿಧಿಗಾಗಿ ಬಿಸ್ಮಾರ್ಕನ ಬಳಿ ಪಟ್ಟುಬಿಡದೆ ಪ್ರಯತ್ನಿಸಿದವನು. ರುಮೇನಿಯ ಆ ರೈಲುಮಾರ್ಗಗಳನ್ನು ಕೊಂಡುಕೊಳ್ಳಲಿ ಎಂಬುದು ಬರ್ಲಿನ್ನಿನ ಒತ್ತಾಯ. ಕೊಳ್ಳುವ ತನಕ 44ನೆಯ ವಿಧಿಯ ಪವಿತ್ರತೆ ಜರ್ಮನಿಗೆ ಬಹು ಮುಖ್ಯವಾಗಿತ್ತು. 1880ರ ಆರಂಭದಲ್ಲಿ ಖರೀದಿಯ ಕಾನೂನು ಅಂಗೀಕಾರವಾಯಿತು. ಫೆಬ್ರುವರಿ 20ರಂದು ಜರ್ಮನಿ, ಬ್ರಿಟನ್, ಫ್ರಾನ್ಸ್ ಮೂರೂ ರುಮೇನಿಯದ ಸ್ವಾತಂತ್ರ್ಯವನ್ನು ಮಾನ್ಯಮಾಡಿದವು. ಆಸ್ಟ್ರಿಯ ಮತ್ತು ರಷ್ಯ ಅಷ್ಟು ಕಾಯುವ ಗೋಜಿಗೂ ಹೋಗಿರಲಿಲ್ಲ. ತನ್ನವರ ಹಕ್ಕಿಗಾಗಿ ಪ್ರಭುತ್ವದ ಕದ ತಟ್ಟಿದ ಬ್ಲೈಖ್ರೋಡರನು ಅದೇ ಹಕ್ಕನ್ನು ಚೌಕಾಸಿಯ ಸರಕಾಗಿಸಿದ ವ್ಯವಹಾರವನ್ನು ಮುಂದೆ ನಿಂತು ನಡೆಸಬೇಕಾಯಿತು. ಹತ್ತೊಂಬತ್ತನೆಯ ಶತಮಾನದ ರಾಜತಂತ್ರದಲ್ಲಿ ಇದಕ್ಕಿಂತ ಕಹಿಯಾದ ಪಾತ್ರ ಹುಡುಕುವುದು ಕಷ್ಟ.

ವಿದೇಶೀಯ ಎಂಬ ಒಂದು ಪದ ಕೈಗೆ ಬಂದ ಮೇಲೆ ಉಳಿದ ಕಾನೂನುಗಳು ಸಲೀಸಾಗಿ ಬಂದವು. 1881ರ ಕಾನೂನಿನಂತೆ, ಶಾಂತಿಗೆ ಭಂಗ ತರುವನೆಂದು ತೋರಿದ ಯಾವ ವಿದೇಶೀಯನನ್ನಾದರೂ ಸರ್ಕಾರ ಗಡಿಪಾರು ಮಾಡಬಹುದು. 1884ರಲ್ಲಿ ತಿರುಗಾಡಿ ಮಾರುವ ವ್ಯಾಪಾರಕ್ಕೆ ನಿರ್ಬಂಧ. 1893ರಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ವಿದೇಶೀಯರ ಮಕ್ಕಳಿಗೆ ಶುಲ್ಕ. 1902ರ ಕಸುಬುದಾರರ ಕಾನೂನಂತೂ ಈ ಪರಂಪರೆಯ ಕಳಶ: ವಿದೇಶೀಯ ಕಸುಬುದಾರನು ತನ್ನ ದೇಶದಲ್ಲಿ ರುಮೇನಿಯದವರಿಗೂ ಅದೇ ಹಕ್ಕು ಇದೆಯೆಂದು ಸಾಬೀತುಪಡಿಸಬೇಕು. ತನ್ನ ದೇಶವೆಂಬುದೇ ಇಲ್ಲದ ದರ್ಜಿ, ಚಮ್ಮಾರ, ತವರದ ಕೆಲಸದವನು ಯಾವ ದೇಶದಿಂದ ಪತ್ರ ತರಬೇಕು? ಇವುಗಳಲ್ಲಿ ಒಂದೂ ಮತದ ಹೆಸರೆತ್ತುವುದಿಲ್ಲ. 44ನೆಯ ವಿಧಿಯ ಅಕ್ಷರಕ್ಕೆ ಲೋಪ ಬರಲಿಲ್ಲ.

ಎರಡು ವಿದ್ವಾಂಸರ ಬದುಕು ಈ ವ್ಯವಸ್ಥೆಯನ್ನು ಯಾವ ಅಂಕಿಅಂಶಕ್ಕಿಂತ ಚೆನ್ನಾಗಿ ತಿಳಿಸುತ್ತದೆ. ಮೋಸೆಸ್ ಗಾಸ್ಟರ್ ಬುಕಾರೆಸ್ಟಿನಲ್ಲಿ 1856ರಲ್ಲಿ ಹುಟ್ಟಿ, ಬ್ರೆಸ್ಲೌದಲ್ಲಿ ಓದಿ, ಹಿಂದಿರುಗಿ ವಿಶ್ವವಿದ್ಯಾಲಯದಲ್ಲಿ ರುಮೇನಿಯನ್ ಸಾಹಿತ್ಯದ ಪಾಠ ಹೇಳಿದವನು. ಪಂಡಿತರು ಕಡೆಗಣಿಸಿದ್ದ ಜನಪದ ಗ್ರಂಥಗಳನ್ನು, ಕಥೆಗಳನ್ನು, ಹಸ್ತಪ್ರತಿಗಳನ್ನು ಅರಸಿ ಕಲೆಹಾಕಿ 1883ರಲ್ಲಿ ರುಮೇನಿಯದ ಜನಪ್ರಿಯ ಸಾಹಿತ್ಯವನ್ನು ಕುರಿತ ಮಹತ್ವದ ಗ್ರಂಥ ಪ್ರಕಟಿಸಿದ. ಎರಡು ವರ್ಷಗಳ ನಂತರ, 1885ರಲ್ಲಿ, ಯೆಹೂದಿಗಳ ಸ್ಥಿತಿಯನ್ನು ಕುರಿತು ಬಾಯಿಬಿಟ್ಟದ್ದಕ್ಕಾಗಿ ಅವನನ್ನು ಗಡಿಪಾರು ಮಾಡಲಾಯಿತು. ಇಂಗ್ಲೆಂಡಿಗೆ ಹೋದ. ಆಕ್ಸ್‌ಫರ್ಡಿನಲ್ಲಿ ಉಪನ್ಯಾಸ ಕೊಟ್ಟ. ಲಂಡನ್ನಿನ ಸೆಫಾರ್ದಿ ಯೆಹೂದಿಗಳ ಧರ್ಮಗುರುವಾದ. ಹೊರಹಾಕಿದ ದೇಶದ ಹಳೆಯ ಸಾಹಿತ್ಯದ ಆಯ್ದ ಪಾಠಗಳ ಬೃಹತ್ ಸಂಕಲನವನ್ನು 1891ರಲ್ಲಿ ಹೊರತಂದ. ರುಮೇನಿಯ ಸರ್ಕಾರ ಅವನಿಗೆ ಪದಕವಿತ್ತು ಮರಳಲು ಕರೆಯಿತು. ಗಾಸ್ಟರ್ ಮರಳಿ ನೆಲೆಸಲಿಲ್ಲ, ಬ್ರಿಟನ್ನಿನ ಪೌರನಾದ.

ಲಾಜರ್ ಶಯಿನ್ಯಾನುವಿನ ಕಥೆ ಇನ್ನೂ ಸೂಕ್ಷ್ಮ. ರುಮೇನಿಯನ್ ಭಾಷಾಶಾಸ್ತ್ರದ ಇತಿಹಾಸ ಬರೆದವನು, ಜನಪದ ಕಥೆಗಳ ತೌಲನಿಕ ಅಧ್ಯಯನ ಮಾಡಿದವನು, 1896ರಲ್ಲಿ ಆ ಭಾಷೆಯ ಸಮಗ್ರ ನಿಘಂಟನ್ನು ಕೊಟ್ಟವನು. ಪೌರತ್ವಕ್ಕಾಗಿ ಹತ್ತು ವರ್ಷ ಶಾಸನಸಭೆಯ ಬಾಗಿಲು ಕಾದ. ಕೊನೆಗೆ 1899ರಲ್ಲಿ ಕ್ರೈಸ್ತಮತವನ್ನೂ ಸ್ವೀಕರಿಸಿದ. ಮತವು ಅಡ್ಡಿಯಲ್ಲವೆಂದು ಸಂವಿಧಾನ ಹೇಳುತ್ತಿತ್ತು. ಈಗ ಮತವೇ ಬದಲಾಗಿತ್ತು. ಆದರೂ ಪೌರತ್ವ ಸಿಗಲಿಲ್ಲ. ಅಡ್ಡಿ ಎಲ್ಲಿತ್ತೆಂಬುದನ್ನು ಈ ಒಂದು ನಿರಾಕರಣೆ ಬಯಲುಮಾಡಿತು: ಅದು ನಂಬಿಕೆಯಲ್ಲಿರಲಿಲ್ಲ, ಹುಟ್ಟಿನಲ್ಲಿತ್ತು. ಹುಟ್ಟನ್ನು ಕುರಿತು ಬರ್ಲಿನ್ ಏನನ್ನೂ ಕೇಳಿರಲಿಲ್ಲ. ಒಂದು ಭಾಷೆಯ ಪದಗಳಿಗೆಲ್ಲ ಅರ್ಥ ಬರೆದವನು 1901ರಲ್ಲಿ ಪ್ಯಾರಿಸ್ಸಿಗೆ ಹೊರಟುಹೋದ. ಆಮೇಲೆ ಫ್ರೆಂಚ್ ಕಳ್ಳಭಾಷೆಯನ್ನು, ರಬೆಲೆಯ ಗದ್ಯವನ್ನು ಅಭ್ಯಸಿಸುತ್ತ ಉಳಿದ ಆಯುಷ್ಯ ಕಳೆದ.

ವಿದ್ವಾಂಸರು ರೈಲು ಹತ್ತಿದರು, ಬಡವರು ನಡೆದರು. 1899ರ ಬೆಳೆನಾಶದ ಮರುವರ್ಷ ಯೆಹೂದಿ ಯುವಕರು ಗುಂಪುಕಟ್ಟಿಕೊಂಡು ಕಾಲ್ನಡಿಗೆಯಲ್ಲಿಯೇ ಯೂರೋಪನ್ನು ದಾಟಿ ಅಮೆರಿಕದ ಹಡಗು ಹಿಡಿಯಲು ಹೊರಟರು. ಈ ವಲಸೆಯೇ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾನ್ ಹೇ 1902ರಲ್ಲಿ ಕಳುಹಿಸಿದ ಪತ್ರಕ್ಕೆ ಕಾರಣ. ನ್ಯೂಯಾರ್ಕಿನ ಯೆಹೂದಿ ಮುಖಂಡರಾದ ಜೇಕಬ್ ಶಿಫ್, ಆಸ್ಕರ್ ಸ್ಟ್ರೌಸ್ ಅವರ ಪ್ರಯತ್ನವೂ ಅದರ ಹಿಂದಿತ್ತು. ಆಗಸ್ಟ್ ತಿಂಗಳಲ್ಲಿ ಆ ಪತ್ರ ಬರ್ಲಿನ್ ಒಪ್ಪಂದಕ್ಕೆ ಸಹಿ ಹಾಕಿದ ರಾಜ್ಯಗಳಿಗೆಲ್ಲ ತಲುಪಿತು. ಅಮೆರಿಕ ಸಹಿದಾರನಲ್ಲ, ಆದ್ದರಿಂದ ಹೇ ಎರಡು ವಾದಗಳನ್ನು ಹೂಡಿದ. ಮಾನವೀಯತೆಯ ಹೆಸರಿನಲ್ಲಿ ಈ ದಬ್ಬಾಳಿಕೆಯನ್ನು ಖಂಡಿಸುವುದು ಒಂದು. ನಿಮ್ಮ ಅನ್ಯಾಯದಿಂದ ದಿಕ್ಕೆಟ್ಟ ನಿರ್ಗತಿಕರು ನಮ್ಮ ತೀರಕ್ಕೆ ಬಂದು ಭಾರವಾಗುತ್ತಿದ್ದಾರೆ ಎಂಬುದು ಇನ್ನೊಂದು. ಎರಡನೆಯದಕ್ಕೇ ನ್ಯಾಯಶಾಸ್ತ್ರದ ಬಲ ಹೆಚ್ಚೆಂದು ಭಾವಿಸಲಾಗಿತ್ತು. ಅದೇ ವರ್ಷ ಚೀನೀ ಕೂಲಿಗಳ ಪ್ರವೇಶ ನಿಷೇಧವನ್ನು ಅಮೆರಿಕ ಅನಿರ್ದಿಷ್ಟ ಕಾಲಕ್ಕೆ ವಿಸ್ತರಿಸಿತ್ತು ಎಂಬುದನ್ನು ನೆನೆದರೆ ಆ ವಾದದ ಒಳದನಿ ಸ್ಪಷ್ಟವಾಗುತ್ತದೆ. ಬ್ರಿಟನ್ ಅನುಕೂಲವಾಗಿ ಪ್ರತಿಕ್ರಿಯಿಸಿತು. ಸಹಿದಾರರೆಲ್ಲ ಒಟ್ಟಾಗಿ ಕ್ರಮ ಕೈಗೊಳ್ಳುವ ಮಾತು ಮುಂದುವರಿಯಲಿಲ್ಲ.

ಹಾಗೆಂದು ಈ ಯತ್ನಗಳೆಲ್ಲ ಬರಿಯ ಸೋಗು ಎಂದು ತೀರ್ಪು ಕೊಡುವುದು ಅವಸರದ ಮಾತಾದೀತು. ಪೈಷೊಟೊ ಬರೆದ ವರದಿಗಳು, ಹೇ ಬರೆದ ಪತ್ರ, ಬರ್ಲಿನ್ನಿನ ಕಲಾಪದ ದಾಖಲೆ ಇವು ಸಂಗ್ರಹವಾಗಿ ಉಳಿದವು. 1919ರಲ್ಲಿ ಪ್ಯಾರಿಸ್ಸಿನಲ್ಲಿ ಮತ್ತೆ ಸಂಧಾನ ನಡೆದಾಗ ಅವೇ ಆಧಾರವಾದವು. ಹಳೆಯ ಬ್ರತಿಯಾನುವಿನ ಮಗ ಆಗ ಪ್ರಧಾನಿ. ಅಲ್ಪಸಂಖ್ಯಾತರ ಒಪ್ಪಂದಕ್ಕೆ ಸಹಿ ಹಾಕುವ ಬದಲು ರಾಜೀನಾಮೆ ಕೊಟ್ಟ. ಬೇರೆಯವರು ಡಿಸೆಂಬರ್ 9ರಂದು ಸಹಿ ಹಾಕಿದರು. ಅದರ 7ನೆಯ ವಿಧಿಯು, ಬೇರೆ ಯಾವ ದೇಶದ ಪೌರತ್ವವೂ ಇಲ್ಲದ ರುಮೇನಿಯದ ಯೆಹೂದಿಗಳನ್ನು ಯಾವ ವಿಧಿವಿಧಾನಗಳ ಅಗತ್ಯವಿಲ್ಲದೆ ತಾನಾಗಿಯೇ ಪೌರರೆಂದು ಒಪ್ಪಬೇಕೆಂದು ಹೇಳುತ್ತದೆ. ಕೌಂಟ್ ದ ಲೌನೆ 1878ರಲ್ಲಿ ಸೂಚಿಸಿ ಬಿದ್ದುಹೋದ ವಾಕ್ಯವೇ ಇದು. ನಲವತ್ತೊಂದು ವರ್ಷ ತಡವಾಗಿ ಬಂದಿತು. 1923ರ ಸಂವಿಧಾನ ಅದನ್ನು ಒಳಗೊಂಡಿತು.

ಗಾಸ್ಟರ್ ತನ್ನ ಜೀವಮಾನದಲ್ಲಿ ಸಂಗ್ರಹಿಸಿದ್ದ ರುಮೇನಿಯನ್ ಹಸ್ತಪ್ರತಿಗಳು 1936ರಲ್ಲಿ ಬುಕಾರೆಸ್ಟಿನ ಅಕಾಡೆಮಿಯ ಗ್ರಂಥಾಲಯವನ್ನು ಸೇರಿದವು. 1938ರ ಜನವರಿಯಲ್ಲಿ ಗೋಗಾ ಮತ್ತು ಕುಜಾ ಇವರ ಸರ್ಕಾರ ಪೌರತ್ವ ಪರಿಶೀಲನೆಯ ಆಜ್ಞೆ ಹೊರಡಿಸಿತು. ಪ್ರಧಾನಿ ಒಕ್ತಾವಿಯನ್ ಗೋಗಾ ಸ್ವತಃ ಹೆಸರಾಂತ ಕವಿ. ಯೆಹೂದಿಗಳು ತಾವು ಪೌರರೆಂಬುದನ್ನು ಅಲ್ಪಾವಧಿಯಲ್ಲಿ ದಾಖಲೆಪತ್ರಗಳ ಸಮೇತ ಸ್ಥಾಪಿಸಬೇಕಾಯಿತು. ಆ ಸರ್ಕಾರ ಆರು ವಾರಗಳಲ್ಲಿ ಬಿದ್ದುಹೋಯಿತು, ಪರಿಶೀಲನೆ ನಿಲ್ಲಲಿಲ್ಲ. ಪತ್ರಗಳನ್ನು ತೋರಿಸಲಾಗದೆ ಪೌರತ್ವ ಕಳೆದುಕೊಂಡವರ ಸಂಖ್ಯೆ 2,25,222. ಮರುವರ್ಷ ಗಾಸ್ಟರ್ ಇಂಗ್ಲೆಂಡಿನಲ್ಲಿ ತೀರಿಕೊಂಡ.